ಪಾತ್ರೆಯ ಅಂಚಿನ ಸುಕ್ಕು: ಪ್ರೆಸ್ ಆಪರೇಟರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಿರಸಿ ವರ್ಕ್‌ಶಾಪಿನಲ್ಲಿ ನಿನ್ನೆ ಎಳೆದ ಸ್ಟೀಲ್ ಡಬರಿಗಳ ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಸುಕ್ಕುಗಳು ಎದ್ದಿರುವುದರಿಂದ, ಎರಡೂ ಪಾಳಿಯ ಆಪರೇಟರ್‌ಗಳು ನಾಳೆ ಬೆಳಿಗ್ಗೆ 9 ಗಂಟೆಗೆ ಪ್ರೆಸ್ ಬಳಿ ಸೇರಬೇಕಾಗಿ ವಿನಂತಿ.

ಅಗಲವಾದ ಬಿಲ್ಲೆಯು (ದುಂಡಗೆ ಕತ್ತರಿಸಿದ ಶೀಟು) ಡೈಯ, ಅಂದರೆ ಅಚ್ಚಿನ, ಕಿರಿದಾದ ಬಾಯಿಯೊಳಗೆ ಸರಿಯುವಾಗ ಅದರ ಅಂಚು ಸುತ್ತಳತೆಯಲ್ಲಿ ಕುಗ್ಗಲೇಬೇಕು. ಆ ಅಂಚನ್ನು ಒತ್ತಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್‌ನ ಒತ್ತಡ ಸಾಲದಿದ್ದರೆ ತೆಳು ಶೀಟು ಅಲೆಅಲೆಯಾಗಿ ಮೇಲೇಳುತ್ತದೆ. ಹಾಗೆಂದು ಒತ್ತಡವನ್ನು ಒಮ್ಮೆಲೇ ಏರಿಸಬೇಡಿ, ತಳದ ತಿರುವಿನಲ್ಲಿ ಶೀಟು ಹರಿದುಹೋಗುತ್ತದೆ. ಸುಕ್ಕು ಒಂದೇ ಬದಿಗೆ ಹೆಚ್ಚಿದ್ದರೆ ಹೋಲ್ಡರ್ ಸಮವಾಗಿ ಕೂರುತ್ತಿದೆಯೇ ಎಂಬುದನ್ನೇ ಮೊದಲು ನೋಡಿ. ಬಳಿಕ ಒತ್ತಡವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ಪ್ರತಿ ಸಲವೂ ಒಂದು ಬಿಲ್ಲೆ ಎಳೆದು ಅಂಚನ್ನು (ಕೈಗವಸು ಹಾಕಿಕೊಂಡೇ) ಸವರಿ ಪರೀಕ್ಷಿಸಿ.

ಕೆಟ್ಟ ಡಬರಿಗಳನ್ನು ಗುಜರಿಗೆ ಹಾಕದೆ ತೆಗೆದಿಡಿ. ಬರಲಾಗದವರು ಇಂದು ಸಂಜೆಯೊಳಗೆ ಇಲ್ಲಿಯೇ ತಿಳಿಸಿ.