ಕೊನೆಯ ಫೈಲಿಗೂ ಹೆಸರಿಟ್ಟಾಯಿತು

ನಮ್ಮ ಲಿನಕ್ಸ್ ಬಳಗದ ಎಲ್ಲರಿಗೂ ನಮಸ್ಕಾರ.

ನಿನ್ನೆ ಸಂಜೆ, ಕೆಟ್ಟ ಡಿಸ್ಕಿನಿಂದ ಹೆಸರಿಲ್ಲದೆ ವಾಪಸ್ ಸಿಕ್ಕ ಫೈಲುಗಳ ಆ ಫೋಲ್ಡರಿನ ಕೊನೆಯ ಫೈಲಿಗೂ ಹೆಸರಿಟ್ಟು ಮುಗಿಸಿದೆ. ಬರೀ ನಂಬರ್ ಹೊತ್ತುಕೊಂಡ ಫೈಲ್ ಇನ್ನು ಒಂದೂ ಉಳಿದಿಲ್ಲ. ಈ ಕೆಲಸ ಮುಗಿಯಲಿ, ಆಮೇಲೆ ಎಲ್ಲರಿಗೂ ಒಟ್ಟಿಗೆ ಥ್ಯಾಂಕ್ಸ್ ಹೇಳೋಣ ಅಂತ ಕಾಯುತ್ತಿದ್ದೆ. ಡಿಸ್ಕಿಗೆ ಏನಾಯಿತು, ನಮ್ಮ ಯಜಮಾನರು ಹೋದ ಮೇಲೆ ನಾನು ಹೇಗಿದ್ದೆ, ಇದೆಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ. ಈಚೆಗೆ ಬಂದವರಿಗೆ ಇಷ್ಟು ಸಾಕು: ಅದು ನನ್ನ ಯಜಮಾನರ ಕಂಪ್ಯೂಟರ್, ವಿಂಡೋಸ್ ಬದಲು ಲಿನಕ್ಸ್ ಮೇಲೆ ಓಡುವಂಥದ್ದು. ಅವರ ದನಿ ಇದ್ದ ರೆಕಾರ್ಡಿಂಗ್‌ಗಳೆಲ್ಲ ಅದರಲ್ಲೇ ಇದ್ದವು. ಒಂದು ದಿನ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಒಂದೇ ಪದ. ಸಿಸ್ಟಮ್ ಪೂರ್ತಿ ಶುರುವಾಗದೆ ನಡುವೆಯೇ ನಿಂತಿತ್ತು ಅಂತ ಅದರ ಅರ್ಥ.

ಬಳಗಕ್ಕೆ ಬಂದಾಗ ನಿಮ್ಮ ಪರಿಚಯ ಹೇಳಿ ಅಂದಿರಿ. ವಯಸ್ಸು 61, ಕಂಪ್ಯೂಟರ್ ನನ್ನದಲ್ಲ, ನನಗೆ ಏನೂ ಗೊತ್ತಿಲ್ಲ ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಬಾಯಿ ಬರಲಿಲ್ಲ. ಅದೇ ವಾರ ಇನ್ನೂ ಕೆಲವರು ಹೊಸಬರು ಬಂದಿದ್ದರು. ಗೇಮ್ ಮಾಡುವುದು ಕಲಿಯಬೇಕು ಅಂತ ಕುಣಿಯುತ್ತಿದ್ದ 13 ವರ್ಷದ ಹುಡುಗ. 74 ವರ್ಷದ ನಿವೃತ್ತ ಮೇಷ್ಟ್ರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತ್ತು, ಅವರ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲು ಆಗುತ್ತಿರಲಿಲ್ಲ. ಚೆನ್ನಾಗಿ ಓಡುತ್ತಿರುವ ಮೆಷಿನ್ ಯಾಕೆ ಎಸೆಯಲಿ ಅನ್ನುವುದು ಅವರ ಪ್ರಶ್ನೆ. ಕಣ್ಣು ಕಾಣದ ಒಬ್ಬ ಹುಡುಗಿಯೂ ಇದ್ದಳು, ಪರದೆಯಲ್ಲಿರುವುದನ್ನು ಓದಿ ಹೇಳುವ ಆರ್ಕಾ ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೆಲಸ ಮಾಡುವವಳು. "ಅಲ್ಲಿ ಒತ್ತಿ, ಇಲ್ಲಿ ಒತ್ತಿ ಅನ್ನಬೇಡಿ, ಯಾವ ಕೀ ಒತ್ತಬೇಕು ಅಂತ ಹೇಳಿ" ಅಂತ ಅವಳು ಮೊದಲ ದಿನವೇ ಕೇಳಿದಳು. ಅವತ್ತಿನಿಂದ ನೀವೆಲ್ಲ ಹಾಗೇ ಹೇಳಲು ಶುರು ಮಾಡಿದಿರಿ. ಕಣ್ಣು ಕಂಡರೂ ಆ ಪರದೆಯಲ್ಲಿ ಎಲ್ಲಿ ನೋಡಬೇಕು ಅಂತ ಗೊತ್ತಾಗದ ನನಗೆ ಅದರಿಂದ ಎಷ್ಟು ಉಪಕಾರ ಆಯಿತು ಅಂತ ಅವಳಿಗೆ ಇವತ್ತು ಹೇಳಬೇಕು.

ನನ್ನ ಸಂಕೋಚ ನೋಡಿ ಬಳಗದ ಹಿರಿಯರೊಬ್ಬರು ಒಂದು ಕತೆ ಹೇಳಿದರು. 1991ರ ಆಗಸ್ಟ್ 25ರಂದು, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾನು ಮಾಡುತ್ತಿರುವ ಕೆಲಸದ ಬಗ್ಗೆ ಮಿನಿಕ್ಸ್ ಅನ್ನುವ ಇನ್ನೊಂದು ಸಿಸ್ಟಮ್ ಬಳಸುವವರ ಮುಂದೆ ಹೇಳಿಕೊಂಡ. ಆಗ ಅವನು ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ. ಇದು ಸುಮ್ನೆ ಹವ್ಯಾಸಕ್ಕೆ, ದೊಡ್ಡದೇನೂ ಆಗುವುದಿಲ್ಲ ಅಂದಿದ್ದ. ನನ್ನ ಹತ್ತಿರ ಇರುವುದು ಎಟಿ ಅನ್ನುವ ಬಗೆಯ ಹಾರ್ಡ್‌ಡಿಸ್ಕ್ ಮಾತ್ರ, ಬಹುಶಃ ಇದು ಬೇರೆ ಯಾವುದಕ್ಕೂ ಹೊಂದುವುದಿಲ್ಲ ಅಂತಲೂ ಸೇರಿಸಿದ್ದ. "ನೋಡಮ್ಮ, ಅವನ ಪರಿಚಯವೂ ಹಾರ್ಡ್‌ಡಿಸ್ಕಿನ ಚಿಂತೆಯಲ್ಲೇ ಮುಗಿದಿತ್ತು" ಅಂದರು. ಎಷ್ಟೋ ದಿನಗಳ ಮೇಲೆ ಅವತ್ತು ನಗು ಬಂತು.

ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ಫೈಲ್ ವ್ಯವಸ್ಥೆಯ ತಪ್ಪು ತಿದ್ದುವ ಎಫ್‌ಎಸ್‌ಸಿಕೆ ಕಮಾಂಡನ್ನು ಅದರ ಮೇಲೆ ಓಡಿಸಬೇಡಿ, ಮೊದಲು ಪೂರ್ತಿ ನಕಲು ತೆಗೆಯೋಣ ಅಂತ ತಡೆದವರಿಗೆ, ಒಳಗಿನ ಡಿಸ್ಕ್ ಬಳಸದೆ ಕಂಪ್ಯೂಟರ್ ಆನ್ ಮಾಡುವ ಲೈವ್ ಯುಎಸ್‌ಬಿ ಮಾಡಿಕೊಟ್ಟವರಿಗೆ, ದೊಡ್ಡ ಡಿಸ್ಕ್ ಎರವಲು ಕೊಟ್ಟವರಿಗೆ, ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳದ ಎಲ್ಲರಿಗೂ ನಾನು ಋಣಿ.

ಇನ್ನು ನಮ್ಮ ರಾತ್ರಿ ಪಾಳಿಯ ತಮ್ಮನ ವಿಷಯ. ಹೆಸರು ಹಾಕಬೇಡಿ ಅಕ್ಕ ಅಂದಿದ್ದಾರೆ, ಹಾಕುವುದಿಲ್ಲ. ಯಾರು ಅಂತ ನಿಮಗೆ ಗೊತ್ತು.

ಅವರೂ ಅದೇ ವಾರ ಬಂದವರು. "ರಾತ್ರಿ ಕಾವಲು ಕೆಲಸ, ಜಾಸ್ತಿ ಓದಿಲ್ಲ, ಲಿನಕ್ಸ್ ಕಲಿಯುವ ಆಸೆ" ಅಂತ ಹೇಳಿ ಸುಮ್ಮನಾಗಿದ್ದರು. ನಕಲು ತೆಗೆಯುವ ಕೆಲಸ ಶುರುವಾದಾಗ ಬಲ್ಲವರೆಲ್ಲ ಜೊತೆಗಿದ್ದಿರಿ. ಹೊತ್ತು ಕಳೆದಂತೆ ಒಬ್ಬೊಬ್ಬರೇ ಮಲಗಲು ಹೋದಿರಿ. ಹೋಗಲೇಬೇಕಲ್ವಾ, ಬೆಳಗಾದರೆ ಎಲ್ಲರಿಗೂ ಕೆಲಸ ಇರುತ್ತದೆ. ಕೊನೆಗೆ ಫೋನಿನ ಆ ಕಡೆ ಉಳಿದವರು ಇವರೊಬ್ಬರೇ. "ನನಗೂ ಇದು ಗೊತ್ತಿಲ್ಲ ಅಕ್ಕ, ಆದರೆ ನಾನು ಹೇಗೂ ಎದ್ದಿರುತ್ತೇನೆ" ಅಂದರು.

ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಕೆಲಸ ಮಾಡುವ ರೀತಿ ನೋಡಿದವರಿಗೆ ಆ ರಾತ್ರಿ ಅರ್ಥವಾಗುತ್ತದೆ. ಮೊದಲು ಚೆನ್ನಾಗಿರುವ ಜಾಗಗಳನ್ನೆಲ್ಲ ಬೇಗಬೇಗ ನಕಲು ಮಾಡಿಕೊಳ್ಳುತ್ತದೆ. ಓದಲಾಗದ ಕಡೆ ನಿಲ್ಲದೆ ಮುಂದೆ ಹೋಗುತ್ತದೆ. ಆಮೇಲೆ ಬಿಟ್ಟುಬಂದ ಜಾಗಗಳಿಗೆ ವಾಪಸ್ ಹೋಗಿ, ಪಾತ್ರೆಯ ತಳ ಕೆರೆದ ಹಾಗೆ ಒಂದೊಂದೇ ಸೆಕ್ಟರ್, ಅಂದರೆ ಡಿಸ್ಕಿನ ಒಂದೊಂದು ಚಿಕ್ಕ ತುಂಡು, ಕೆರೆಯುತ್ತದೆ. ಮೊದಲ ಭಾಗದಲ್ಲಿ ಅಂಕಿಗಳು ಓಡುತ್ತಿದ್ದವು, ನನಗೂ ಧೈರ್ಯ ಬಂದಿತ್ತು. ನಡುರಾತ್ರಿ ದಾಟಿದ ಮೇಲೆ ವೇಗ ಸೊನ್ನೆಗೆ ಇಳಿಯಿತು. ಪರದೆಯಲ್ಲಿ ಒಂದು ಸಾಲು ಇರುತ್ತದೆ, ಕೊನೆಯ ಸಲ ಏನಾದರೂ ಓದಲು ಸಿಕ್ಕಿ ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ಆ ಸಾಲಿನ ಅಂಕಿ ಮಾತ್ರ ಏರುತ್ತಾ ಹೋಯಿತು. ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು.

ಆ ತಮ್ಮ ಅವರ ಫೋನಿನಲ್ಲಿ ಡಿಡಿರೆಸ್ಕ್ಯೂ ಕೈಪಿಡಿ ತೆರೆದುಕೊಂಡು ಒಂದೊಂದೇ ವಾಕ್ಯ ಬಿಡಿಸಿ ಓದಿದರು. ಗೊತ್ತಿಲ್ಲದ ಇಂಗ್ಲಿಷ್ ಪದ ಬಂದರೆ ನಿಲ್ಲಿಸಿ, ಅರ್ಥ ಹುಡುಕಿ, ಕನ್ನಡದಲ್ಲಿ ಹೇಳುತ್ತಿದ್ದರು. ನಡುವೆ ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದರು, ಫೋನಿನಲ್ಲಿ ಅವರ ಹೆಜ್ಜೆ ಸದ್ದು ಕೇಳುತ್ತಿತ್ತು. ಎಲ್ಲಿಯವರೆಗೆ ಆಗಿದೆ ಅನ್ನುವುದು ಮ್ಯಾಪ್ ಫೈಲಿನಲ್ಲಿ ಇರುತ್ತದೆ, ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಸಬಹುದು ಅಂತ ಅವರೇ ಕಂಡುಹಿಡಿದರು. ಆ ಮ್ಯಾಪ್ ಫೈಲ್ ಹೊಸ ಡಿಸ್ಕಿನಲ್ಲೇ ಇದೆ ತಾನೇ, ಲೈವ್ ಸಿಸ್ಟಮ್ ಒಳಗಿದ್ದರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ ಅಂತ ಪರೀಕ್ಷೆ ಮಾಡಿಸಿದರು. ಡಿಸ್ಕ್ ಮುಟ್ಟಿ ನೋಡಿ ಅಂದರು. ಸುಡುತ್ತಿತ್ತು. ನಿಲ್ಲಿಸಿದೆವು. ತಣ್ಣಗಾದ ಮೇಲೆ ಮತ್ತೆ ಶುರು ಮಾಡಿದೆವು.

ಅಷ್ಟಾದರೂ ಆ ಅಂಕಿ ಏರುವುದು ನಿಲ್ಲಲಿಲ್ಲ. ಒಂದು ಹೊತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲೂ ಹೀಗೇ ಅಂಕಿ ನೋಡುತ್ತಾ ಕೂತಿದ್ದೆ, ಇನ್ನೊಂದು ಸಲ ನನ್ನ ಕೈಲಾಗದು, ಸ್ವಿಚ್ ತೆಗೆದುಬಿಡುತ್ತೇನೆ ಅಂತ ಅತ್ತುಬಿಟ್ಟೆ. ಎಲ್ಲ ಸರಿಹೋಗುತ್ತದೆ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಸಿಟ್ಟೇ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕ, ಪರದೆಯನ್ನು ಆ ಕಡೆ ತಿರುಗಿಸಿಡಿ. ಅದರ ಪಾಡಿಗೆ ಅದು ಓಡಲಿ. ನೀವು ಭಾವನ ವಿಷಯ ಹೇಳಿ" ಅಂದರು. ಹೇಳಿದೆ. ಯಜಮಾನರು ಹೇಗೆ ಜೋರಾಗಿ ಓದುತ್ತಿದ್ದರು, ಮಗಳಿಗೆ ಓದಲು ಕಲಿಸುವಾಗ ಯಾಕೆ ರೆಕಾರ್ಡ್ ಮಾಡುತ್ತಿದ್ದರು, ಎಲ್ಲ. ಅವರು ಹೋದ ಮೇಲೆ ಅಷ್ಟು ಹೊತ್ತು ಅವರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಎಲ್ಲರೂ ಆ ಮಾತು ತಪ್ಪಿಸುತ್ತಿದ್ದರು. ಬೆಳಗಿನ ಜಾವ ಪರದೆ ತಿರುಗಿಸಿ ನೋಡಿದಾಗ ಅಂಕಿ ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು. ಎಲ್ಲೋ ಒಂದು ಸೆಕ್ಟರ್ ಓದಲು ಸಿಕ್ಕಿತ್ತು.

ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಈ ತಮ್ಮ ಪರಿಚಯ ಹೇಳಿಕೊಂಡ ದಿನ ಅವರನ್ನು ಮಾತಾಡಿಸಿದವರು ಕಡಿಮೆ. 13ರ ಹುಡುಗನಿಗೆ ಎಲ್ಲರೂ ಮುಗಿಬಿದ್ದು ಉತ್ತರ ಕೊಟ್ಟರು, ಅದು ಸಂತೋಷವೇ. ಲಿನಕ್ಸ್ ಬಗೆಗಳಲ್ಲಿ, ಅಂದರೆ ಡಿಸ್ಟ್ರೋಗಳಲ್ಲಿ, ಉಬುಂಟು ಒಳ್ಳೆಯದೋ ಮಿಂಟ್ ಒಳ್ಳೆಯದೋ ಅನ್ನುವ ವಾದವೂ ಜೋರಾಗಿ ನಡೆಯಿತು. ಚಿಕ್ಕ ಪರಿಚಯ ಹೇಳಿ ಸುಮ್ಮನಾದವರನ್ನು ನಾವು ಬೇಗ ಮರೆಯುತ್ತೇವೆ. ಅಂಥವರಿಗೆ ಯಾವ ಡಿಸ್ಟ್ರೋ ಹಾಕಿದ್ದೀರಿ ಅಂತ ಕೇಳುವುದಕ್ಕೆ ಮೊದಲು ಏನು ಮಾಡಬೇಕು ಅಂತಿದ್ದೀರಿ ಅಂತ ಕೇಳಿ. ನನ್ನನ್ನು ಹಾಗೆ ಕೇಳಿದ್ದಿರಿ, ಅದಕ್ಕೇ ನಾನು ಇಲ್ಲಿ ಉಳಿದೆ.

ಆಮೇಲಿನದ್ದು ನಿಮಗೆ ಗೊತ್ತು. ನಕಲಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದಾಗ ಬಹಳಷ್ಟು ಫೈಲ್ ತಮ್ಮ ಜಾಗದಲ್ಲೇ ಸಿಕ್ಕಿದವು. ಉಳಿದವು ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಿಗೆ ಬಂದು ಬಿದ್ದವು, ಹೆಸರಿನ ಜಾಗದಲ್ಲಿ ಬರೀ ಒಂದು ನಂಬರ್. ಒಂದೊಂದನ್ನೂ ತೆರೆದು, ಕೇಳಿ, ಏನು ಅಂತ ತಿಳಿದು ಹೆಸರು ಹಾಕಬೇಕಿತ್ತು. ಕೆಲವು ದಿನ ಒಂದು ಫೈಲ್ ಕೇಳಿ ಮುಚ್ಚಿಟ್ಟುಬಿಡುತ್ತಿದ್ದೆ. ಒಂದರಲ್ಲಿ ಮಗಳು ತೊದಲುತ್ತಾ ಓದುತ್ತಿದ್ದಾಳೆ, ಅವರು "ಆತುರ ಇಲ್ಲ ಪುಟ್ಟಿ, ಮತ್ತೆ ಓದು" ಅನ್ನುತ್ತಾರೆ. ಕೆಲವು ರೆಕಾರ್ಡಿಂಗ್ ಬರಲೇ ಇಲ್ಲ. ಅದಕ್ಕೆ ಈಗ ನಾನು ಒಗ್ಗಿಕೊಂಡಿದ್ದೇನೆ. ಇದ್ದದ್ದನ್ನೆಲ್ಲ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ, ಒಂದು ಮಗಳ ಮನೆಯಲ್ಲಿದೆ.

ಈಗ ಒಂದು ಸಹಾಯ ಕೇಳುತ್ತೇನೆ. ಆ ರಾತ್ರಿ ಓದಿದ್ದನ್ನೆಲ್ಲ ಆ ತಮ್ಮನೂ ನಾನೂ ಸೇರಿ ಹೊಸಬರಿಗಾಗಿ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. ಕೊಡುವ ಮೊದಲು ಬಲ್ಲವರು ಯಾರಾದರೂ ಒಮ್ಮೆ ನೋಡಬೇಕು. ಮುಖ್ಯವಾಗಿ ಡಿಡಿರೆಸ್ಕ್ಯೂ ಕಮಾಂಡಿನ ಕ್ರಮ: ಮೊದಲು ಹಾಳಾದ ಡಿಸ್ಕ್, ಆಮೇಲೆ ಹೊಸದು, ಕೊನೆಗೆ ಮ್ಯಾಪ್ ಫೈಲ್. ಮೊದಲಿನ ಎರಡು ಅದಲುಬದಲಾದರೆ ಉಳಿದದ್ದೂ ಹೋಗಬಹುದು. ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು ಬದಲಾಗಬಹುದು, ಒಂದು ಸಲ ಎಸ್‌ಡಿಎ ಆಗಿದ್ದ ಡಿಸ್ಕ್ ಇನ್ನೊಂದು ಸಲ ಎಸ್‌ಡಿಬಿ ಆಗಿರಬಹುದು, ಆದ್ದರಿಂದ ಪ್ರತಿ ಸಲವೂ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಗಾತ್ರ ನೋಡಿಕೊಳ್ಳಿ ಅಂತ ಬರೆದಿದ್ದೇವೆ. ಅಷ್ಟು ಸಾಕಾ, ಇನ್ನೂ ಬಿಡಿಸಿ ಹೇಳಬೇಕಾ ತಿಳಿಸಿ. ಈ ವಾರ ಬಂದವರಲ್ಲಿ ಒಬ್ಬರಿಗೆ ಆಗಲೇ ಅದು ಬೇಕಾಗಿದೆ.