ಇಂಗ್ಲಿಷ್ ತಡವರಿಸಿದರೆ ನೀನು ಕಡಿಮೆಯಾಗಲ್ಲ

ಸೋಮವಾರಪೇಟೆ

ಪ್ರೀತಿಯ ಮಗಳೇ,

"ಇಲ್ಲಿ ಎಲ್ಲರೂ ನನಗಿಂತ ಜಾಣರು ಅಮ್ಮ, ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ಬಾಯಲ್ಲಿ ಉತ್ತರ ಹೇಳಲು ಹೋದರೆ ನನಗೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಮಿನಾರಿನಲ್ಲಿ ಇಂಗ್ಲಿಷ್ ತಡವರಿಸಿರಬಹುದು. ನೀನು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ನಿನ್ನ ರೂಮ್‌ಮೇಟ್ ಎಲ್‌ಕೆಜಿಯಿಂದಲೇ ಇಂಗ್ಲಿಷಿನಲ್ಲಿ ಓದಿದವಳು. ಆದರೆ "ನನಗೆ ಇಂಗ್ಲಿಷ್ ಸರಾಗ ಬರಲ್ಲ" ಅನ್ನೋದು ಒಂದು ಮಾತು, "ನಾನು ಲಾಯಕ್ಕಿಲ್ಲ" ಅನ್ನೋದು ಬೇರೆಯೇ ಮಾತು. ಮೊದಲನೆಯದು ಅಭ್ಯಾಸದಿಂದ ಸರಿಹೋಗುತ್ತದೆ. ಎರಡನೆಯದನ್ನು ನಿನಗೆ ಯಾರೂ ಹೇಳಲಿಲ್ಲ, ನೀನೇ ಸೇರಿಸಿಕೊಂಡೆ.

ನಮ್ಮ ಕೊಡಗಿನಲ್ಲೇ ಬೆಳೆದ ರೋಹನ್ ಬೋಪಣ್ಣ ಅವರನ್ನು ನೋಡು. ಟೆನಿಸ್ ಸಿಂಗಲ್ಸ್‌ನಲ್ಲಿ ಅವರು ಮೊದಲ 200 ಆಟಗಾರರೊಳಗೆ ಬರಲೇ ಇಲ್ಲ. ಡಬಲ್ಸ್‌ನಲ್ಲಿ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು, ಜಗತ್ತಿನ ನಂಬರ್ ಒನ್ ಆದರು. ಸಿಂಗಲ್ಸ್ ಕೈಹಿಡಿಯಲಿಲ್ಲ ಅಂತ ರಾಕೆಟ್ಟನ್ನೇ ಕೆಳಗಿಟ್ಟಿದ್ದರೆ?

ಚಿಕ್ಕಮ್ಮ ಒಂದು ವಿಷಯ ಹೇಳಿದಳು. ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದರ ಬಗ್ಗೆ ಬರೆದಿದ್ದಾರಂತೆ. ಚೆನ್ನಾಗಿ ಓದಿ ಮೇಲೆ ಬಂದ ಹೆಣ್ಣುಮಕ್ಕಳೇ, ಇದೆಲ್ಲ ಅದೃಷ್ಟದಿಂದ ಸಿಕ್ಕಿದ್ದು, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ ಅಂತ ಹೆದರುತ್ತಿದ್ದರಂತೆ. ಸೀಟು ಸಿಕ್ಕಿದ್ದು ಸುಮ್ನೆ ಲಕ್ ಅಂತ ನೀನೂ ಅಂದೆ, ಅಲ್ವಾ?

2018ರ ಆಗಸ್ಟ್ ನೆನಪಿದೆಯಾ? ಗುಡ್ಡ ಜರಿದು ಮನೆ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿದ್ದರು. ನೀನಿನ್ನೂ ಹೈಸ್ಕೂಲಿಗೂ ಹೋಗಿರಲಿಲ್ಲ. ಯಾರೂ ಹೇಳದೆಯೇ ಅಲ್ಲಿನ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ಮಳೆ ಜೋರಾದರೆ ಬೆಚ್ಚಿಬೀಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ನಿನ್ನ ಲಂಗ ಬಿಡುತ್ತಲೇ ಇರಲಿಲ್ಲ. ದೊಡ್ಡವರಾದ ನಮಗೇ ಆಗ ಏನು ಮಾತಾಡಬೇಕು ಅಂತ ತೋಚುತ್ತಿರಲಿಲ್ಲ. ನನ್ನ ಮಗಳು ಎಂಥವಳು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಅದೇ.

ಮುಂದಿನ ಸೆಮಿನಾರಿಗೆ ಮೊದಲು ವಿಷಯವನ್ನು ನನಗೆ ಫೋನಿನಲ್ಲಿ ಕನ್ನಡದಲ್ಲೇ ಹೇಳು. ನನಗೆ ಅರ್ಥವಾದರೆ ನಿನಗೂ ಅರ್ಥವಾಗಿದೆ ಅಂತ. ಆಮೇಲೆ ರೂಮ್‌ಮೇಟ್ ಎದುರು ಇಂಗ್ಲಿಷಿನಲ್ಲಿ ಹೇಳಿ ನೋಡು. ರಾತ್ರಿ ನಿದ್ದೆ ಬರದಷ್ಟು ಜಾಸ್ತಿ ಆದರೆ ಮುಚ್ಚಿಡಬೇಡ. ನಮಗೆ ಹೇಳು. ನಮಗೆ ಹೇಳಲಾಗದ್ದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾಫಿ ಹೂ ಅರಳಲು ಬೇಕಾದ ಹೂಮಳೆ ಸರಿಯಾಗಿ ಬರಲಿಲ್ಲ. ಅಪ್ಪ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದಾರೆ. ಅದು ಮುಗಿದ ಕೂಡಲೇ ಇಬ್ಬರೂ ಮೈಸೂರಿಗೆ ಬರುತ್ತೇವೆ. ಕಡುಬು ತರಲಾ, ನೂಪುಟ್ಟು ತರಲಾ ಅಂತ ತಿಳಿಸು.

ನಿನ್ನ ಅಮ್ಮ