ಜಿಮ್‌ನ ರಾಡಿಗೆ ಅದರ ತೂಕ ಬರೆಯಿರಿ

ಮಾನ್ಯರೇ,

ಹಾಸನದ ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆಗಳ ಆಸುಪಾಸಿನಲ್ಲಿ ಈಚೆಗೆ ಜಿಮ್‌ಗಳು ಹೆಚ್ಚಿವೆ. ಆಲೂರು, ಹೊಳೆನರಸೀಪುರದ ಕಡೆಯಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರೂ ಅಲ್ಲಿಗೆ ಸೇರುತ್ತಿರುವುದು ಸಂತೋಷದ ವಿಷಯವೇ. ಆದರೆ ಶುಲ್ಕ ಪಡೆದು ರಸೀದಿ ಕೊಟ್ಟ ಮೇಲೆ, ಎದುರಿಗಿರುವ ಸಲಕರಣೆ ಯಾವುದು, ಅದರ ತೂಕವೆಷ್ಟು, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಹೊಸಬರಿಗೆ ತಿಳಿಸಿಕೊಡುವ ಏರ್ಪಾಡು ನಾನು ಕಂಡ ಜಿಮ್‌ಗಳಲ್ಲಿ ಇಲ್ಲ.

ಹೊಸಬರು ಸಾಮಾನ್ಯವಾಗಿ ರಾಡಿನ ತುದಿಗಳಿಗೆ ಏರಿಸುವ ದುಂಡನೆಯ ಪ್ಲೇಟುಗಳ ತೂಕವನ್ನಷ್ಟೇ ಲೆಕ್ಕ ಹಾಕುತ್ತಾರೆ. ಎರಡೂ ಬದಿಗೆ 10 ಕೆ.ಜಿ.ಯಂತೆ ಏರಿಸಿ, ತಾವು ಎತ್ತುತ್ತಿರುವುದು 20 ಕೆ.ಜಿ. ಎಂದುಕೊಳ್ಳುತ್ತಾರೆ. ಭಾರ ಎತ್ತುವ ಸ್ಪರ್ಧೆಗಳಲ್ಲಿ ಬಳಸುವ ಪುರುಷರ ರಾಡು ಬರಿದಾಗಿದ್ದಾಗಲೇ 20 ಕೆ.ಜಿ. ತೂಗುತ್ತದೆ, ಮಹಿಳೆಯರದು 15 ಕೆ.ಜಿ.; ಮೊದಲನೆಯದರ ಹಿಡಿಕೆಯ ದಪ್ಪ 28 ಮಿ.ಮೀ., ಎರಡನೆಯದರದು 25 ಮಿ.ಮೀ. ಪುರುಷರ ಅಂಥ ರಾಡಾದರೆ ಆ ಹೊಸಬರ ಕೈಮೇಲಿರುವುದು 40 ಕೆ.ಜಿ. ನಮ್ಮೂರಿನ ಜಿಮ್‌ಗಳಲ್ಲಿ ಇದರ ಪಕ್ಕದಲ್ಲೇ ತೆಳುವಾದ ಹಗುರ ರಾಡು, ತೋಳಿನ ವ್ಯಾಯಾಮಕ್ಕೆಂದು ಅಂಕುಡೊಂಕಾಗಿ ಬಾಗಿಸಿದ ಗಿಡ್ಡ ರಾಡು, ಎಲ್ಲವೂ ಒರಗಿರುತ್ತವೆ. ಯಾವುದರ ಮೇಲೂ ತೂಕ ಬರೆದಿರುವುದಿಲ್ಲ. ರಾಡು ಹಳಿಗಳ ಮೇಲೆ ಜಾರುವ ಸ್ಮಿತ್ ಮಷೀನಿನಲ್ಲಂತೂ ಕೆಲವೆಡೆ ರಾಡಿನ ಭಾರವನ್ನು ತಗ್ಗಿಸಲು ಒಳಗೆ ಪ್ರತಿಭಾರ ಕಟ್ಟಿರುತ್ತಾರಾದ್ದರಿಂದ, ಅಲ್ಲಿ ಎತ್ತಿದ ಲೆಕ್ಕವನ್ನು ಬಿಡಿ ರಾಡಿಗೆ ಅನ್ವಯಿಸಿದರೆ ಅಪಾಯ ಕಟ್ಟಿಟ್ಟ ಬುತ್ತಿ.

ಸ್ಪರ್ಧೆಯ ದೊಡ್ಡ ಪ್ಲೇಟುಗಳಿಗೆ ಗೊತ್ತಾದ ಬಣ್ಣಗಳಿವೆ: ಕೆಂಪು 25, ನೀಲಿ 20, ಹಳದಿ 15, ಹಸಿರು 10 ಕೆ.ಜಿ. ಸಾಮಾನ್ಯ ಜಿಮ್‌ನ ಪ್ಲೇಟುಗಳು ಈ ನಿಯಮಕ್ಕೆ ಬದ್ಧವಲ್ಲ. ಕೆಲವು ಪೌಂಡಿನವೂ ಇರುತ್ತವೆ. 45 ಎಂದು ಬರೆದ ಪೌಂಡಿನ ಪ್ಲೇಟು 20 ಕೆ.ಜಿ.ಗಿಂತ ತುಸು ಹೆಚ್ಚು. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಎತ್ತುಗೆಗಳಿಂದ ಒಟ್ಟು 269 ಕೆ.ಜಿ. ಎತ್ತಿ ಕಂಚು ಗೆದ್ದರೆಂದು ಓದುತ್ತೇವಲ್ಲ, ಆ ಲೆಕ್ಕದಲ್ಲಿ ರಾಡು ಮತ್ತು ಪ್ಲೇಟು ಜಾರದಂತೆ ಬಿಗಿಯುವ ಲಾಕುಗಳ ತೂಕವೂ ಸೇರಿರುತ್ತದೆ. ಸ್ಪರ್ಧೆಯ ಒಂದೊಂದು ಲಾಕೇ 2.5 ಕೆ.ಜಿ. ಇರುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಪ್ಲೇಟು ಬಿಚ್ಚುವ ಕ್ರಮ. ಈಚೆಗೆ ಒಂದು ಜಿಮ್‌ನಲ್ಲಿ ಹೊಸ ಹುಡುಗನೊಬ್ಬ ಬೆಂಚಿನ ಸ್ಟ್ಯಾಂಡಿನ ಮೇಲಿದ್ದ ರಾಡಿನಿಂದ ಒಂದು ಬದಿಯ ಪ್ಲೇಟುಗಳನ್ನೆಲ್ಲ ಒಮ್ಮೆಗೇ ತೆಗೆದ. ಭಾರವಿದ್ದ ಬದಿ ನೆಲಕ್ಕೆ ಕುಸಿದು, ಖಾಲಿ ತುದಿ ಅವನ ಗಲ್ಲದ ಪಕ್ಕದಲ್ಲೇ ಮೇಲಕ್ಕೆ ಚಿಮ್ಮಿತು, ಟೈಲ್ಸು ಒಡೆಯಿತು. ಓಡಿಬಂದ ತರಬೇತುದಾರರು ಟೈಲ್ಸು ನೋಡಿ, 'ಇಷ್ಟೂ ಗೊತ್ತಿಲ್ವೇನೋ?' ಎಂದು ಗದರಿದರು. ಗೊತ್ತಿಲ್ಲವೆಂದೇ ತಾನೆ ಅವನು ದುಡ್ಡು ಕೊಟ್ಟು ಸೇರಿದ್ದು! ಎರಡೂ ಬದಿಯಿಂದ ಒಂದೊಂದಾಗಿ ತೆಗೆಯಬೇಕೆಂದು ಹೇಳಿಕೊಡಲು ಅರ್ಧ ನಿಮಿಷವೂ ಬೇಡ. ಹಾಗೆಯೇ, ರಾಡನ್ನು ಹೆಗಲ ಮೇಲಿಟ್ಟು ಕುಳಿತು ಏಳುವ ವ್ಯಾಯಾಮಕ್ಕಿರುವ ಸ್ಕ್ವಾಟ್ ರ್‍ಯಾಕಿನ ಅಡ್ಡಕಂಬಿಗಳನ್ನು ತಾನು ಕುಳಿತಾಗ ರಾಡು ತಲುಪುವ ಮಟ್ಟಕ್ಕಿಂತ ತುಸು ಕೆಳಗೆ ಹೊಂದಿಸಿಕೊಂಡರೆ, ಏಳಲಾಗದೆ ಹೋದರೂ ಭಾರ ಕಂಬಿಯ ಮೇಲೆ ಕೂರುತ್ತದೆ ಎಂಬುದನ್ನೂ ಮೊದಲ ದಿನವೇ ತೋರಿಸಬೇಕು. ಬಹಳ ಕಡೆ ಆ ಕಂಬಿಗಳು ಟವೆಲ್ ಒಣಹಾಕಲು ಬಳಕೆಯಾಗುತ್ತಿವೆ.

ಆದ್ದರಿಂದ ಜಿಮ್ ಮಾಲೀಕರು ಪ್ರತಿ ರಾಡಿನ ತುದಿಗೂ ಅದರ ತೂಕವನ್ನು ಬಣ್ಣದಲ್ಲಿ ಬರೆಸಬೇಕು. ರ್‍ಯಾಕಿನ ಪಕ್ಕದಲ್ಲಿ ಸಲಕರಣೆಗಳ ಹೆಸರು, ತೂಕ, ಬಳಸುವ ಕ್ರಮವಿರುವ ಕನ್ನಡ ಫಲಕ ಹಾಕಬೇಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಇಂಥದೊಂದು ಫಲಕದ ಮಾದರಿಯನ್ನು ಸಿದ್ಧಪಡಿಸಿ, ಮೊದಲು ತನ್ನ ವ್ಯಾಪ್ತಿಯ ವ್ಯಾಯಾಮಶಾಲೆಗಳಲ್ಲೇ ಹಾಕಿಸಿ, ಬಳಿಕ ಖಾಸಗಿಯವರಿಗೂ ಹಂಚಬೇಕೆಂದು ಕೋರುತ್ತೇನೆ.

— ಓದುಗ, ಹಾಸನ